ತೊರ್ವನ ಹೊಗೆ

"ದೋಣಿ ಇನ್ನೂ ಬಂದಿಲ್ಲ, ಈಗಲೇ ಪುಡಿ ಹಾಕ್ಬೇಡ," ಎಂದು ವಾರ್ಪೊ ಹೇಳಿ ಮುಗಿಸುವಷ್ಟರಲ್ಲಿ ಐರ್ತಾ ಮೊದಲ ಹಿಡಿಯನ್ನು ಕೆಂಡದ ಮೇಲೆ ಸುರಿದಾಗಿತ್ತು.

ರಾಳಗಲ್ಲಿನ ಪುಡಿ ಚಿಟಿಚಿಟಿ ಎಂದು ಕರಗಿ ನೊರೆಗಟ್ಟಿತು. ಗಡಿಗೆಯ ಬಾಯಿಂದ ದಪ್ಪನೆಯ ಹೊಗೆ ಎದ್ದು, ದಿಬ್ಬದ ಮೇಲೆ ಮಲಗಿಸಿದ್ದ ತೊರ್ವನ ತಲೆಯ ಪಕ್ಕದಿಂದ ಹಾದು, ನೆಲಗಾಳಿಗೆ ಬಾಗಿ ಕಡಲಿನತ್ತ ಹೊರಟಿತು. ಬೇಸಿಗೆಯ ನಡುಹಗಲು ಪೈನ್ ಕಾಡಿನೊಳಗೆ ನಿಂತರೆ ಬರುತ್ತದಲ್ಲ, ಅಂಥದೇ ವಾಸನೆ. ಆದರೆ ಇನ್ನಷ್ಟು ಸಿಹಿ. ಬಿರುಗಾಳಿಯ ಮಾರನೆಯ ದಿನ ಕಡಲು ಪಾಚಿಯ ಜೊತೆ ದಡಕ್ಕೆಸೆಯುವ ಈ ಹಳದಿ ಕಲ್ಲನ್ನು ಹೊರನಾಡಿನವರು ಅಂಬರು ಎಂದು ಕರೆದು ಕಣ್ಣರಳಿಸುತ್ತಾರೆ. ಇಲ್ಲಿಯ ಹೆಂಗಸರಿಗೆ ಅದು ಚಳಿಗಾಲವಿಡೀ ಕೂತು ಕೊರೆಯುವ, ಉಜ್ಜುವ, ಬೆರಳು ಸವೆಸುವ ಕೆಲಸ. ಕೊರೆದಾಗ ಉದುರುವ ಪುಡಿಯನ್ನಾಗಲಿ ಒಡೆದ ಚೂರನ್ನಾಗಲಿ ಯಾರೂ ಬಿಸಾಡುವುದಿಲ್ಲ. ಕಡಲಿಗೆ ಮಂಜು ಕವಿದರೆ, ಹಿನ್ನೀರು ಕಡಲು ಸೇರುವ ಅಳಿವೆಯ ಬಾಯಲ್ಲಿ ಅದನ್ನು ಸುಟ್ಟು, ದಾರಿ ಕಾಣದ ದೋಣಿಗಳನ್ನು ವಾಸನೆಯಿಂದ ಕರೆಯುತ್ತಾರೆ. ಯಾರಾದರೂ ಸತ್ತರೆ ತಲೆಯ ಬಳಿ ಸುಟ್ಟು ಆಚೆಯ ದಾರಿ ತೋರಿಸುತ್ತಾರೆ.

"ತಾಳಿದವನು ಬಾಳಿಯಾನು, ಐರ್ತಾ." ವಾರ್ಪೊ ತೊರ್ವನ ಅಣ್ಣ. ಊರಿನಲ್ಲಿ ಸತ್ತವರನ್ನು ಕಳಿಸಿಕೊಡುವ ಕ್ರಮಗಳೆಲ್ಲ ಅವನ ಬಾಯಲ್ಲೇ ಇದ್ದವು.

"ತಾಳಿದ್ದಾಯ್ತು, ಬಾಳಿದ್ದೂ ಆಯ್ತು ಭಾವಾ. ನಿಮ್ಮ ತಮ್ಮನ್ನ ಕಟ್ಕೊಂಡ ದಿನದಿಂದ ನಾನು ಮಾಡಿದ್ದೇ ಅದು. ಎಲ್ಲರ ಗಂಡಂದಿರೂ ಬಂದು, ಉಂಡು, ಗೊರಕೆ ಹೊಡೀತಿದ್ರೆ ನಾನೊಬ್ಳು ಅಳಿವೇಲಿ ಪುಡಿ ಹಾಕ್ತಾ ಕೂತಿರ್ತಿದ್ದೆ. ಬದುಕಿಡೀ ಕಾಯಿಸ್ದ. ಇವತ್ತೊಂದಿನ ನಾನು ಕಾಯಲ್ಲ." ಎನ್ನುತ್ತ ಅವಳು ಇನ್ನೊಂದು ಹಿಡಿ ಸುರಿದಳು.

ಸೊಸೆ ಲಿಮ್ಸೆ ಅಳುವುದನ್ನು ನಿಲ್ಲಿಸಿ ಅತ್ತೆಯ ಮುಖ ನೋಡಿದಳು. ಅತ್ತೆ ಅತ್ತಿರಲಿಲ್ಲ. ಅಳು ಬರುವುದರೊಳಗೆ ಎಲ್ಲ ಮುಗಿದುಬಿಡಲಿ ಎಂದು ಅವಸರ ಪಡುತ್ತಿದ್ದಾಳೆ ಎನ್ನುವುದು ಲಿಮ್ಸೆಗೆ ಗೊತ್ತಾಯಿತು. ಗೊತ್ತಾದರೂ ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗಿದೆ?

ತೊರ್ವ ಸತ್ತದ್ದು ಚಳಿಗಾಲದ ಕೆಮ್ಮಿನಿಂದ. ಹಿನ್ನೀರಿನ ಹಿಮ ಒಡೆದು, ಇನ್ನೇನು ಹಾವುಮೀನು ಹಿಡಿಯುವ ಬೇಲಿ ಕಟ್ಟಲು ಇಳಿಯಬೇಕು ಅನ್ನುವಾಗ ಹೋದ. ಈ ದಡದಲ್ಲಿ ಅವನಷ್ಟು ಚೆನ್ನಾಗಿ ದೋಣಿ ನಡೆಸುವವನಿರಲಿಲ್ಲ. ಅವನಷ್ಟು ಸಿಡುಕನೂ ಇರಲಿಲ್ಲ. ಸತ್ತವನ ದೋಣಿಯನ್ನು ಮಗ ಮತ್ತೊಂದು ಸಲ ಕಡಲಿಗೆ ಇಳಿಸಬೇಕು, ಊರಿನ ಗಂಡಸರೆಲ್ಲ ಜೊತೆಗೆ ಹೋಗಬೇಕು, ಬಲೆಗೆ ಮೊದಲು ಬಿದ್ದದ್ದನ್ನು ಸತ್ತವನ ಪಾಲು ಎಂದು ತಂದು ಅವನ ಪಕ್ಕದಲ್ಲಿಡಬೇಕು. ಆಮೇಲೆ ಹೊಗೆ. ಹೊಗೆ ತಾನಾಗಿ ಆರಿದ ಮೇಲೆ ಮರಳು ಮುಚ್ಚುವುದು. ಹಿಂದಿನಿಂದ ನಡೆದು ಬಂದದ್ದು ಹೀಗೆ. ಬೆಳಿಗ್ಗೆಯೇ ಐರ್ತಾಳ ಮಗ ಕೌರ, ವಾರ್ಪೊನ ಮಗ ಡೆಲ್ಮೊ, ರಟ್ಟೆಯಲ್ಲಿ ಬಲವಿದ್ದ ಉಳಿದವರೆಲ್ಲ ಮೂರು ದೋಣಿ ಹತ್ತಿ ಹೋಗಿದ್ದರು. ದಿಬ್ಬದ ಮೇಲಿದ್ದವರು ಹೆಂಗಸರು, ಮುದುಕರು ಮತ್ತು ಯಾರು ಸತ್ತರೂ ಬಾಲ ಆಡಿಸಿಕೊಂಡೇ ಇರುವ ನಾಯಿಗಳು.

ಮೊದಲು ಕಂಡದ್ದು ಲಿಮ್ಸೆಗೆ.

"ಅತ್ತೇ, ಕಡಲು ಎಲ್ಲಿ?"

ಐರ್ತಾ ತಲೆಯೆತ್ತಿದಳು. ಬೆಳಿಗ್ಗೆ ತೊಳೆದ ಚಿಪ್ಪಿನ ಹಾಗೆ ಹೊಳೆಯುತ್ತಿದ್ದ ಕಡಲು ಅರ್ಧಕ್ಕರ್ಧ ಇರಲಿಲ್ಲ. ದೂರದಲ್ಲಿ ಬಿಳಿಯ ಗೋಡೆಯೊಂದು ಎದ್ದು ನಿಂತಿತ್ತು. ನೋಡುತ್ತಿದ್ದ ಹಾಗೆಯೇ ಅದು ದಡದ ಕಡೆಗೆ ಸರಿಯಿತು. ನೆಲದ ಕಡೆಯಿಂದ ಬೆಚ್ಚಗಿನ ಗಾಳಿ ಬೀಸಿ, ಇನ್ನೂ ಹಿಮದ ತಂಪು ಬಿಡದ ನೀರಿಗೆ ತಾಗಿದ ದಿನ ಹೀಗಾಗುವುದುಂಟು. ತೊರ್ವ ಇದ್ದಿದ್ದರೆ ಬೆಳಿಗ್ಗೆಯೇ ಗಾಳಿಯನ್ನು ಮೂಸಿ ದೋಣಿ ಇಳಿಸಲು ಬಿಡುತ್ತಿರಲಿಲ್ಲ. ಇವತ್ತು ಮೂಸಬೇಕಾದ ಮೂಗು ದಿಬ್ಬದ ಮೇಲೆ ಆಕಾಶ ನೋಡಿಕೊಂಡು ಮಲಗಿತ್ತು.

"ಅಳಿವೇಲಿ ಬೆಂಕಿ ಹಾಕಿ! ಓಡಿ, ಯಾರಾದ್ರೂ ಪುಡಿ ತಗೊಂಡು ಓಡಿ!" ಎಂದು ಯಾರೋ ಕೂಗಿದರು.

ಎಲ್ಲರೂ ಎದ್ದರು. ಎದ್ದವರು ಅಲ್ಲೇ ನಿಂತರು. ಓಡಿ ತರಬೇಕಾದ ಪುಡಿ ಯಾರ ಮನೆಯಲ್ಲೂ ಇರಲಿಲ್ಲ. ಸತ್ತವನಿಗೆಂದು ಪ್ರತಿ ಮನೆಯವರೂ ತಮ್ಮ ತಮ್ಮ ಚೀಲ ತಂದು ಕೊಟ್ಟಿದ್ದರು. ಎಲ್ಲ ಐರ್ತಾಳ ಮುಂದೆ ರಾಶಿಯಾಗಿ ಬಿದ್ದಿತ್ತು, ಅವಳು ಹಿಡಿ ಹಿಡಿಯಾಗಿ ಸುರಿದು ಅದರಲ್ಲಿ ಅರ್ಧ ಆಗಲೇ ಹೊಗೆಯಾಗಿತ್ತು. ಆ ಹೊಗೆ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಮಂಜಿನೊಳಗೆ ನುಗ್ಗುತ್ತಿತ್ತು.

ಮಂಜಿನಲ್ಲಿ ದೋಣಿಯವರಿಗೆ ಕಣ್ಣಿಲ್ಲ, ಮೂಗಷ್ಟೇ. ಸೌದೆಯ ಹೊಗೆ ಎಲ್ಲ ಮನೆಯಿಂದಲೂ ಬರುತ್ತದೆ, ಅದರ ಬೆನ್ನು ಹತ್ತಿದರೆ ಎಲ್ಲಿಗೂ ಮುಟ್ಟುವುದಿಲ್ಲ. ರಾಳಗಲ್ಲಿನ ವಾಸನೆ ಬಂತೆಂದರೆ ಅಲ್ಲಿ ಅಳಿವೆ, ಅಲ್ಲಿ ಮನೆ: ಹಾಲು ಬಿಟ್ಟ ಮಗುವಿಗೂ ಇದು ಗೊತ್ತು. ಈಗ ಆ ವಾಸನೆ ಬರುತ್ತಿದ್ದದ್ದು ಅಳಿವೆಯಿಂದಲ್ಲ, ಬಡಗಣ ದಿಬ್ಬದಿಂದ. ದಿಬ್ಬದ ಕೆಳಗೆ ನೀರಿನೊಳಗೆ ಮುದುಕಿಯ ಹಲ್ಲುಗಳಿದ್ದವು. ಆ ಬಂಡೆಗಳಿಗೆ ಊರವರಿಟ್ಟ ಹೆಸರು ಅದು: ಅಲ್ಲೊಂದು ಇಲ್ಲೊಂದು, ಆದರೆ ಕಚ್ಚಿದರೆ ಬಿಡುವುದಿಲ್ಲ. ಈ ಕಾಲದ ನೀರಿಗೆ ಬಿದ್ದವನು ಕೂಗುವಷ್ಟು ಹೊತ್ತೂ ಇರುವುದಿಲ್ಲ.

"ನಾನೇ ಕರೀತಿದೀನಿ," ಎಂದಳು ಐರ್ತಾ. "ಭಾವಾ, ನಾನೇ ಅವರನ್ನ ಹಲ್ಲಿನ ಬಾಯಿಗೆ ಕರೀತಿದೀನಿ."

ಅವಳು ಎರಡೂ ಕೈಯಲ್ಲಿ ಮರಳು ಬಾಚಿದಳು. ಗಡಿಗೆಗೆ ಸುರಿಯಬೇಕು ಅನ್ನುವಷ್ಟರಲ್ಲಿ ವಾರ್ಪೊ ಅವಳ ಮಣಿಕಟ್ಟು ಹಿಡಿದ. ಮುದುಕನ ಹಿಡಿತ ಬಿಗಿಯಾಗಿತ್ತು.

"ಬೇಡ."

"ಬಿಡಿ ಭಾವಾ!"

"ಅರ್ಧಕ್ಕೆ ಆರಿದ ಹೊಗೆ ಏನ್ ಮಾಡುತ್ತೆ ಅಂತ ನಿನಗೆ ಗೊತ್ತಿಲ್ಲ, ನನಗೆ ಗೊತ್ತು. ನಮ್ಮಪ್ಪನ ಹೊಗೆ ಮೇಲೆ ಮಳೆ ಬಿತ್ತು. ಹೊಗೆ ನೆನೀದ ಹಾಗೆ ಮೇಲೆ ಚರ್ಮ ಹಿಡ್ಕೊಂಡು ನಿಂತಿದ್ದವನು ನಾನು. ಕೈ ಸೋತು ಬಿಟ್ಟೆ. ಆ ವರ್ಷ ಹಿನ್ನೀರಿಗೆ ಒಂದು ಹಾವುಮೀನು ಬರಲಿಲ್ಲ. ದಿನಾ ಬೆಳಿಗ್ಗೆ ಬಲೆ ನೋಡಿದ್ರೆ ತೂತು. ದಾರಿ ಸಿಗದೆ ಅಪ್ಪ ಮನೆ ಸುತ್ತಾನೇ ತಿರುಗ್ತಿದ್ದ. ನಮ್ಮಮ್ಮ ಸಾಯೋವರೆಗೂ ನನಗೆ ಮುಖ ಕೊಟ್ಟು ಮಾತಾಡ್ಲಿಲ್ಲ." ವಾರ್ಪೊನ ಕಣ್ಣು ತುಂಬಿತ್ತು. "ತಮ್ಮನಿಗೂ ಹಾಗೇ ಮಾಡು ಅಂತೀಯಾ?"

"ಮತ್ತೆ ನಿಮ್ಮ ಡೆಲ್ಮೊ? ನನ್ನ ಕೌರ?"

ಅವನು ಕೈ ಬಿಡಲಿಲ್ಲ.

"ಉಳಿದಿರೋ ಪುಡಿ ತಗೊಂಡು ನಾನು ಅಳಿವೆಗೆ ಓಡ್ಲಾ ಅತ್ತೆ?" ಎಂದಳು ಲಿಮ್ಸೆ. "ಅಲ್ಲೂ ಒಂದು ಬೆಂಕಿ ಹಾಕಿದ್ರೆ?"

"ಎರಡು ವಾಸನೆ ಆಗುತ್ತೆ ಮಗಳೇ. ಇಲ್ಲಿಂದ ಮೊದಲೇ ಹೋಗಿರೋದು ಜಾಸ್ತಿ. ಅವರು ಯಾವುದನ್ನ ನಂಬ್ತಾರೆ? ಗಡಿಗೇಲಿ ಇರೋದು ಆರೋವರೆಗೂ ಇಲ್ಲಿಗೇ ಬರ್ತಾರೆ."

"ಕೂಗೋಣ್ವಾ?"

ಮಂಜಿನಲ್ಲಿ ಸದ್ದು ಎಲ್ಲ ಕಡೆಯಿಂದಲೂ ಬರುತ್ತದೆ. ಕಿವಿ ಇರೋದು ಹೆಂಡತಿ ಬೈಗುಳ ಕೇಳೋಕೆ, ಮೂಗು ಇರೋದು ಮನೆಗೆ ಬರೋಕೆ ಎಂದು ತೊರ್ವ ಹೇಳುತ್ತಿದ್ದ. ಹೇಳಿ, ಅಳಿವೆಯಲ್ಲಿ ದೋಣಿಯಿಂದ ಇಳಿದು, ಹೊಗೆಗೆ ಕೆಮ್ಮುತ್ತ ಕೂತಿದ್ದ ಹೆಂಡತಿಯ ಮುಂದೆ ನಿಂತು, "ಇನ್ನೂ ಸ್ವಲ್ಪ ಹಾಕಬಹುದಿತ್ತು, ಜಿಪುಣಿ," ಎಂದು ಬೈಯುತ್ತಿದ್ದ. ಅವಳು ಕೊರೆದ ಪುಡಿಯಲ್ಲಿ ಮುಕ್ಕಾಲು ಪಾಲು ಅವನನ್ನು ಕರೆದು ತರುವುದಕ್ಕೇ ಖರ್ಚಾಗಿತ್ತು.

ಐರ್ತಾ ಗಂಡನ ಕಡೆ ನೋಡಿದಳು. ಕಡವೆಯ ಚರ್ಮದಲ್ಲಿ ಸುತ್ತಿ, ಬಲೆ ಹೆಣೆದ ಎರಡು ಗಳುವಿನ ಮೇಲೆ ಮಲಗಿಸಿದ್ದರು. ಹೊತ್ತು ತಂದ ಗಳು ಇನ್ನೂ ಅವನ ಕೆಳಗೇ ಇದ್ದವು.

"ಹೊಗೆ ಆರಿಸ್ಬಾರ್ದು, ಅಷ್ಟೇ ತಾನೆ ಭಾವಾ?"

"ಆರಿಸ್ಬಾರ್ದು. ತಲೆ ಪಕ್ಕದಿಂದ ದೂರ ಒಯ್ಯಲೂಬಾರದು."

"ಒಯ್ಯಲ್ಲ. ತಲೇನೂ ಜೊತೆಗೆ ಬರುತ್ತೆ. ಇವನನ್ನ ಎತ್ತಿ. ಅಳಿವೆಗೆ ಹೊತ್ಕೊಂಡು ಹೋಗೋಣ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಾರ್ಪೊ ಅಡ್ಡ ಬಂದು ನಿಂತ.

"ದಿಬ್ಬಕ್ಕೆ ಬಂದ ಹೆಣ ಹಿಂದಕ್ಕೆ ಹೋಗೋದೇ? ಕಂಡಿಲ್ಲ, ಕೇಳಿಲ್ಲ. ಕಾಲು ಮುಂದೆ ಮಾಡಿ ತರೋದು ಯಾಕೆ ಅಂತ ತಿಳ್ಕೊಂಡಿದೀಯ? ಮನೆ ದಾರಿ ಮರೀಲಿ ಅಂತ."

"ಮನೆಗಲ್ಲ ಭಾವಾ, ಅಳಿವೆಗೆ. ಈ ಮನುಷ್ಯ ಮನೇಲಿ ಯಾವತ್ತಿದ್ದ? ನೀವೇ ಹೇಳಿ. ಬಲೆ, ಇಲ್ಲ ಕಡಲನಾಯಿ ಬೇಟೆ, ಎರಡೂ ಇಲ್ದಿದ್ರೆ ಅಳಿವೇಲಿ ದೋಣಿ ಕೆರೀತಾ ಕೂತಿರೋದು. ಅವನಿಗೆ ಆಚೆ ದಾರಿ ಅಂತ ಒಂದಿದ್ರೆ ಅದು ಶುರುವಾಗೋದು ಅಲ್ಲಿಂದಲೇ. ಮಂಜಲ್ಲಿ ದೋಣಿ ಹೊರಗಿದ್ದಾಗ ಅವನು ಮಲಗಿದ್ದನ್ನ ಒಂದು ಸಲನಾದ್ರೂ ನೋಡಿದೀರಾ? ಕೆಮ್ಕೊಂಡು, ಬೈಕೊಂಡು ಎದ್ದು ಬರ್ತಿದ್ದ. ಇವತ್ತು ಏಳೋಕಾಗಲ್ಲ. ನಾವು ಎತ್ತೋಣ."

ವಾರ್ಪೊ ಕಡಲಿನತ್ತ ತಿರುಗಿದ. ಬಿಳಿಯ ಗೋಡೆ ಆಗಲೇ ಬಂಡೆಗಳನ್ನು ದಾಟಿ ದಡದ ಪಾಚಿಗೆ ಬಂದು ಮುಟ್ಟಿತ್ತು. ಅದರೊಳಗೆಲ್ಲೋ ಅವನ ಒಬ್ಬನೇ ಮಗನಿದ್ದ. ಮುದುಕ ಭುಜಕ್ಕೆ ಹೊದ್ದಿದ್ದ ಚರ್ಮ ತೆಗೆದು ನೆಲಕ್ಕೆ ಹಾಕಿದ.

"ತಲೆ ಕಡೆ ನಾನು ಹಿಡೀತೀನಿ," ಎಂದ. "ಯಾವತ್ತೂ ಇವನ ತಲೇನೇ ಭಾರ."

ಗಡಿಗೆಯ ತಳ ಮೊನಚು, ನೆಲದಲ್ಲಿ ಹೂತಿಟ್ಟದ್ದು. ಲಿಮ್ಸೆಯೂ ಪಕ್ಕದ ಮನೆಯ ಉಗ್ನಾಳೂ ಅದನ್ನು ಒದ್ದೆ ಬಲೆಯಲ್ಲಿ ಸುತ್ತಿ ಕೋಲಿಗೆ ತೂಗುಹಾಕಿ, ತೊರ್ವನ ತಲೆಯ ಪಕ್ಕಕ್ಕೆ ಬರುವ ಹಾಗೆ ಹಿಡಿದುಕೊಂಡರು. ಐರ್ತಾ ಪುಡಿಯ ಚೀಲಗಳನ್ನೆಲ್ಲ ಕೊರಳಿಗೆ ಹಾಕಿಕೊಂಡಳು. ಉಳಿದ ಹೆಂಗಸರು ಗಳುಗಳಿಗೆ ಹೆಗಲು ಕೊಟ್ಟರು. ದಿಬ್ಬ ಇಳಿದು ಅಲೆಯ ಅಂಚಿನ ಗಟ್ಟಿ ಮರಳಿಗೆ ಬರುವಷ್ಟರಲ್ಲಿ ಮಂಜು ಅವರನ್ನು ನುಂಗಿತು. ಮುಂದಿನವರ ಬೆನ್ನು ಹಿಂದಿನವರಿಗೆ ಕಾಣುತ್ತಿರಲಿಲ್ಲ.

ಎಡಕ್ಕೆ ಮರಳದಿಬ್ಬ, ಬಲಕ್ಕೆ ಅಲೆಯ ಸದ್ದು. ಐರ್ತಾ ಗಡಿಗೆಯ ಜೊತೆಗೇ ನಡೆಯುತ್ತ ಚಿಟಿಕೆ ಚಿಟಿಕೆಯಾಗಿ ಪುಡಿ ಹಾಕಿದಳು. ಜಾಸ್ತಿ ಹಾಕಿದರೆ ಅಳಿವೆ ಮುಟ್ಟುವ ಮೊದಲೇ ಮುಗಿಯುತ್ತದೆ, ಕಡಿಮೆ ಹಾಕಿದರೆ ಹೊಗೆ ಕಡಿಯುತ್ತದೆ. ಕೊರೆಯುವಾಗಿನ ಹಾಗೆಯೇ ಇದು, ಒತ್ತಿದರೂ ಕಷ್ಟ ಬಿಟ್ಟರೂ ಕಷ್ಟ. ಹೊಗೆ ಬಲಕ್ಕೆ ಬಾಗಿ ಕಡಲಿನತ್ತ ಹೋಗುತ್ತಿದೆಯೇ ಎಂದು ಅವಳು ಮತ್ತೆ ಮತ್ತೆ ನೋಡುತ್ತಿದ್ದಳು. ಅದೊಂದನ್ನು ಮಾತ್ರ ಗಾಳಿ ಕೆಡಿಸಿರಲಿಲ್ಲ.

"ಕೈ ಸುಡ್ತಿದೆ ಅತ್ತೆ," ಎಂದಳು ಲಿಮ್ಸೆ.

"ಸುಡ್ಲಿ. ಗಂಡ ಬೇಕೋ ಚರ್ಮ ಬೇಕೋ?"

"ಎರಡೂ ಬೇಕು."

"ಹಾಗಾದ್ರೆ ಬೇಗ ನಡಿ."

ತೊರೆಯೊಂದು ಕಡಲಿಗೆ ಸೇರುವ ಕಡೆ ಮರಳು ಕುಸಿಯಿತು. ಮುಂದಿದ್ದವಳ ಕಾಲು ಜಾರಿ ಗಳು ವಾಲಿತು. ಚರ್ಮದ ಸುತ್ತು ಸಡಿಲವಾಗಿ ತೊರ್ವನ ಬಲಗೈ ಹೊರಗೆ ಬಿದ್ದು, ನೀರನ್ನು ಮುಟ್ಟಿ ತೂಗಿತು. ಹೆಂಗಸರು ಕಿರುಚಿದರು. ವಾರ್ಪೊ ಕಣ್ಣು ಮುಚ್ಚಿ ಏನೋ ಗೊಣಗತೊಡಗಿದ.

"ಏನಾಗಿಲ್ಲ," ಎಂದು ಐರ್ತಾ ಗದರಿದಳು. "ನೀರು ಎಷ್ಟು ತಣ್ಣಗಿದೆ ನೋಡ್ತಿದಾನೆ. ಹುಟ್ಟುಗುಣ ಸುಟ್ರೂ ಹೋಗಲ್ಲ." ಅವಳು ಬಾಗಿ ಆ ಕೈಯನ್ನು ಎತ್ತಿ ಎದೆಯ ಮೇಲಿಟ್ಟಳು. ಹುಟ್ಟು ಹಿಡಿದು ಹಿಡಿದು ದಡ್ಡುಗಟ್ಟಿದ ಅಂಗೈ. ಎಷ್ಟೋ ವರ್ಷಗಳಿಂದ ಅದನ್ನು ಹೀಗೆ ಹಿಡಿದಿರಲಿಲ್ಲ ಎನ್ನಿಸಿತು. ಈಗಲ್ಲ ಎಂದು ತನಗೆ ತಾನೇ ಹೇಳಿಕೊಂಡು, ಇನ್ನೊಂದು ಚಿಟಿಕೆ ಹಾಕಿ ನಡೆದಳು.

ಅಳಿವೆಯ ಬಾಯಿ ಗೊತ್ತಾದದ್ದು ಪಾದಕ್ಕೆ. ಹಿನ್ನೀರು ಹೊರಗೆ ಹರಿಯುವ ಕಡೆ ಮರಳು ಮೆತ್ತಗೆ, ಕೆಳಗೆ ಚಿಪ್ಪಿನ ಚೂರು. ಗಳು ಇಳಿಸಿದರು, ಗಡಿಗೆಯನ್ನು ತಲೆಯ ಪಕ್ಕಕ್ಕೆ ಹೂತರು. ವಾರ್ಪೊ ತಮ್ಮನ ಪಕ್ಕದಲ್ಲಿ ದೊಪ್ಪನೆ ಕೂತು ಏದುಸಿರು ಬಿಟ್ಟ. ಐರ್ತಾ ಉಳಿದ ಚೀಲಗಳನ್ನು ಒಂದೊಂದಾಗಿ ಕೊಡವಿದಳು. ಹೊಗೆ ದಪ್ಪಗಾಯಿತು, ನೆಲಗಾಳಿಗೆ ಬಾಗಿತು, ಬಿಳಿಯೊಳಗೆ ಬಿಳಿಯಾಗಿ ಕರಗಿ ಹೋಯಿತು.

ಆಮೇಲೆ ಮಾಡಲು ಏನೂ ಇರಲಿಲ್ಲ, ಕಾಯುವುದು ಬಿಟ್ಟು.

ಅವಳಿಗೆ ಅಳಿವೆಯಲ್ಲಿ ಕಾಯುವುದು ಹೊಸತೇನಲ್ಲ. ಆದರೆ ಆಗೆಲ್ಲ ಬೈದುಕೊಂಡು ಕಾಯುತ್ತಿದ್ದಳು. ಬರುವವನ ಮೇಲೆ ಸಿಟ್ಟಿದ್ದರೆ ಕಾಯುವುದು ಸುಲಭ. ಇವತ್ತು ಬೈಯಲು ತಾನೊಬ್ಬಳೇ ಇದ್ದಳು. ಅಷ್ಟು ಹೊತ್ತು ತಾಳಿದ್ದರೆ, ವಾರ್ಪೊನ ಮಾತು ಕೇಳಿದ್ದರೆ, ಪುಡಿಯೆಲ್ಲ ಚೀಲದಲ್ಲೇ ಇರುತ್ತಿತ್ತು, ಅಳಿವೆಯಲ್ಲಿ ಯಾವಾಗಲೋ ಬೆಂಕಿ ಎದ್ದಿರುತ್ತಿತ್ತು. ಮಗನ ಮುಖ ಕಣ್ಣ ಮುಂದೆ ಬಂತು; ಅದರ ಹಿಂದೆಯೇ ಮುದುಕಿಯ ಹಲ್ಲುಗಳು. ಮುಖವನ್ನು ಮೊಣಕಾಲಿನ ಮಧ್ಯೆ ಅಡಗಿಸಿ ಕೂತಳು.

"ಅತ್ತೆ, ಹೊಗೆ ಸಣ್ಣ ಆಗ್ತಿದೆ."

ಚೀಲಗಳೆಲ್ಲ ಖಾಲಿ. ಉಗ್ನಾ ಒಂದನ್ನು ತಿರುವಿ ಹೊಲಿಗೆಯ ಸಂದಿಯನ್ನು ಉಗುರಿನಿಂದ ಕೆರೆದಳು. ನಾಲ್ಕು ಕಣ ಬಿತ್ತು. ಲಿಮ್ಸೆ ಕೊರಳಿಗೆ ಕೈ ಹಾಕಿದಳು. ಮದುವೆಯಲ್ಲಿ ಅವಳಮ್ಮ ಕೊಟ್ಟ ಮಣಿಗಳು, ಒಂದೊಂದೂ ಹಕ್ಕಿಯ ಕಣ್ಣಿನಷ್ಟು ಸಣ್ಣ, ಒಂದೊಂದೂ ತಿಳಿ.

"ಇರು," ಎಂದಳು ಐರ್ತಾ.

ಅವಳು ಗಂಡನ ಎದೆಗೆ ಸುತ್ತಿದ್ದ ಚರ್ಮ ಸರಿಸಿದಳು. ಅಂಗಿಯನ್ನು ಹಿಡಿದಿದ್ದ ಗುಂಡಿ ಅಲ್ಲಿತ್ತು, ಹೆಬ್ಬೆರಳಿನಗಲದ ಮಬ್ಬು ಹಳದಿ ಗುಂಡಿ. ಅವಳು ಹುಡುಗಿಯಾಗಿದ್ದಾಗ ಕೊರೆದ ಮೊಟ್ಟಮೊದಲ ಗುಂಡಿ. ಹಿಂಬದಿಯಿಂದ ಎರಡು ಓರೆ ತೂತು ಕೊರೆದು ಒಳಗೆ ಕೂಡಿಸಬೇಕು. ಅವಳ ತೂತುಗಳು ಒಂದನ್ನೊಂದು ಹುಡುಕಿಕೊಂಡು ಎಲ್ಲೆಲ್ಲೋ ಅಲೆದು ಹೇಗೋ ಸಿಕ್ಕಿದ್ದವು. "ನನ್ನ ಹೆಂಡತಿ ಕೊರೆದ ತೂತು ನೋಡ್ರಪ್ಪಾ, ಹಾವುಮೀನು ಕುಡಿದು ಹೋದ ದಾರಿ," ಎಂದು ತೊರ್ವ ಬಂದವರಿಗೆಲ್ಲ ತೋರಿಸಿ ನಗಿಸುತ್ತಿದ್ದ. ಆಮೇಲೆ ಅವಳು ಬಾಣದ ಹಾಗೆ ನೇರ ತೂತಿನ ಗುಂಡಿ ಎಷ್ಟೋ ಮಾಡಿದಳು, ದೂರದೂರದವರು ಚಕಮಕಿ ಕಲ್ಲು ಹೊತ್ತು ತಂದು ಅವನ್ನು ಕೊಂಡರು. ಅವನಿಗೂ ಹೊಸದು ಕೊಟ್ಟಳು. ಅವನು ಹಾಕಿಕೊಳ್ಳಲಿಲ್ಲ. ಅಂಗಿ ಹರಿದು ಬೇರೆ ಅಂಗಿ ಬಂದರೂ ಗುಂಡಿ ಅದೇ ಇತ್ತು.

"ಅದು ಅವನ ಜೊತೆ ಹೋಗ್ಬೇಕಾದ್ದು ಐರ್ತಾ," ಎಂದ ವಾರ್ಪೊ. ಬೇಡ ಎನ್ನುವ ಧ್ವನಿ ಆಗಿರಲಿಲ್ಲ.

"ಹೋಗುತ್ತೆ ಭಾವಾ. ಸ್ವಲ್ಪ ಮುಂಚೆ."

ದಾರ ಬಿಚ್ಚಲಿಲ್ಲ, ಹಲ್ಲಿನಿಂದ ಕಡಿದಳು. ಗುಂಡಿಯನ್ನು ಅಂಗೈಯಲ್ಲಿ ಒಂದು ಕ್ಷಣ ಹಿಡಿದು ನೋಡಿದಳು. ಆಮೇಲೆ ಗಂಡನ ಕಿವಿಯ ಹತ್ತಿರ ಬಾಗಿ, "ನಾನು ಕರೆದದ್ದು ತಪ್ಪು ದಾರಿಗೆ. ನೀನು ಕರ್ಕೊಂಡು ಬಾ," ಎಂದು ಕೆಂಡದ ನಡುವೆ ಇಟ್ಟಳು.

ಅದು ಪುಡಿಯ ಹಾಗೆ ಚಟಪಟ ಎನ್ನಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿತ್ತು, ತೊರ್ವನನ್ನು ಊಟಕ್ಕೆ ಕರೆದಾಗ ಇರುತ್ತಿದ್ದ ಹಾಗೆ. ಆಮೇಲೆ ಅಂಚು ಕಪ್ಪಾಯಿತು, ಓರೆ ತೂತುಗಳಿಂದ ಎರಡು ಎಳೆ ಹೊಗೆ ಹೊರಟು ಮೇಲೆ ಒಂದಾದವು. ಗುಂಡಿ ಹೊತ್ತಿಕೊಂಡಾಗ ಎದ್ದ ಹೊಗೆ ನೋಡಿ ವಾರ್ಪೊ ಹಿಂದಕ್ಕೆ ಸರಿದ.

ನಾಯಿಗಳಲ್ಲೊಂದು ಎದ್ದು ನಿಂತಿತು. ಕಿವಿ ನಿಮಿರಿಸಿತು. ಇನ್ನೊಂದೂ ಎದ್ದಿತು.

ಮರಕ್ಕೆ ಮರ ತಾಗಿದ ಸದ್ದು. ಮತ್ತೆ ನೀರು. ಮತ್ತೆ ಮರ.

"ಎಡಕ್ಕೆ, ಎಡಕ್ಕೆ ಅಂತ ಹೇಳ್ತಾನೇ ಇದೀನಿ, ಮೂಗಿದೆಯೋ ಇಲ್ವೋ ನಿನಗೆ?" ಎಂದು ಮಂಜಿನೊಳಗಿಂದ ಯಾರೋ ಬೈಯುತ್ತಿದ್ದರು. ಅದು ತೊರ್ವನ ಸಿಡುಕು, ತೊರ್ವನ ಎಳೆತ. ಆದರೆ ಧ್ವನಿ ಕೌರನದು. ಅಪ್ಪನ ಬಾಯಿ ಮಗನಿಗೆ ಯಾವಾಗ ಬಂತೋ, ಐರ್ತಾ ಗಮನಿಸಿರಲಿಲ್ಲ.

ಒಂದು ದೋಣಿಯ ಮೂತಿ ಕಂಡಿತು, ಅದರ ಹಿಂದೆ ಇನ್ನೊಂದು. ಮೂರನೆಯದು ಬರುವವರೆಗೆ ವಾರ್ಪೊ ಉಸಿರಾಡಲಿಲ್ಲ; ಅದರಲ್ಲಿ ಡೆಲ್ಮೊ ಇದ್ದ. ಹೋದ ಜೀವ ಬಂದ ಹಾಗೆ ಮುದುಕ ಎದ್ದು, ಮೊಣಕಾಲಿನವರೆಗೆ ನೀರಿಗಿಳಿದು, ಮಗ ಇಳಿಯುವ ಮೊದಲೇ ಅವನ ಬೆನ್ನಿಗೆ ಎರಡು ಗುದ್ದಿದ. ಲಿಮ್ಸೆ ಗಂಡ ಕೌರನ ಕೊರಳಿಗೆ ಜೋತುಬಿದ್ದು ಸುಟ್ಟ ಕೈ ತೋರಿಸಿ ಅಳುತ್ತಿದ್ದಳು, ಮಧ್ಯೆ ನಗುತ್ತಿದ್ದಳು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಐರ್ತಾ ಕೂತಲ್ಲಿಯೇ ಕೂತು ಮೂರೂ ದೋಣಿಗಳ ತಲೆಗಳನ್ನು ಕಣ್ಣಿನಿಂದ ಎಣಿಸಿ, ಮತ್ತೊಮ್ಮೆ ಎಣಿಸಿದಳು.

ಕೌರ ಅವಳ ಮುಂದೆ ಬಂದು ನಿಂತ. ತಲೆಗೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅಮ್ಮಾ, ವಾಸನೆ ನಡೀತಿತ್ತು!"

"ಹೂಂ?"

"ನಿಜ ಹೇಳ್ತೀನಿ. ಮೊದಲು ಬಡಗಣ ಕಡೆಯಿಂದ ಬಂತು. ನಾವೆಲ್ಲ ಅತ್ತ ಕಡೆ ತಿರುಗಿದ್ವಿ. ಹಲ್ಲುಬಂಡೆ ಮೇಲೆ ಅಲೆ ಒಡೆಯೋದು ಕೇಳ್ತಿತ್ತು, ಆದ್ರೂ ವಾಸನೆ ಅಲ್ಲಿಂದಲೇ ಬರ್ತಿದೆ, ಏನ್ ಮಾಡೋದು? ಅಷ್ಟರಲ್ಲಿ ಅದು ಸರೀತು. ಸ್ವಲ್ಪ ಬಲಕ್ಕೆ. ಮತ್ತೆ ಸ್ವಲ್ಪ. ಡೆಲ್ಮೊ ಅಂದ, ಇದು ಹೊಗೆ ಅಲ್ಲ ಕಣೋ, ಯಾರೋ ದಡದಲ್ಲಿ ನಡ್ಕೊಂಡು ಹೋಗ್ತಿದಾರೆ, ಬನ್ನಿ ಅಂತ ಕೈ ಮಾಡ್ತಿದಾರೆ ಅಂತ. ನಾವೂ ಹಿಂದೆನೇ ಬಂದ್ವಿ. ಅಳಿವೆ ಹತ್ರ ಪೂರ್ತಿ ಹೋಗೇಬಿಡ್ತು ಅನ್ಕೊಂಡ್ವಿ, ಇದ್ದಕ್ಕಿದ್ದ ಹಾಗೆ ದಪ್ಪಗೆ, ಇಲ್ಲೇ ಮೂಗಿನ ಕೆಳಗೆ..." ಆಗ ಅವನ ಕಣ್ಣು ಅವಳ ಹಿಂದಕ್ಕೆ ಹೋಯಿತು. ಗಳು, ಚರ್ಮದ ಸುತ್ತು, ತಲೆಯ ಪಕ್ಕದ ಗಡಿಗೆ, ಗುಂಡಿಯಿಲ್ಲದೆ ತೆರೆದಿದ್ದ ಅಂಗಿ. "ಅಪ್ಪ ಇಲ್ಲಿ..."

"ಹೂಂ," ಎಂದಳು ಐರ್ತಾ. "ನಡ್ಕೊಂಡು ಬಂದ."

ಕೌರ ಅಪ್ಪನ ಪಕ್ಕದಲ್ಲಿ ಕುಸಿದು ಕೂತ. ಗಂಡಸರೆಲ್ಲ ಸುತ್ತ ನೆರೆದರು. ಸ್ವಲ್ಪ ಹೊತ್ತಿನ ಮೇಲೆ ವಾರ್ಪೊ ಗಂಟಲು ಸರಿಮಾಡಿಕೊಂಡು, ಕ್ರಮ ನಡೆಸುವವನ ಧ್ವನಿಯಲ್ಲಿ, "ಸತ್ತವನ ಪಾಲು ಎಲ್ಲಿ?" ಎಂದು ಕೇಳಿದ.

ದೋಣಿಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಡೆಲ್ಮೊ ನಾಚಿಕೊಳ್ಳುತ್ತ ಬುಟ್ಟಿಗೆ ಕೈ ಹಾಕಿ ಎತ್ತಿ ಹಿಡಿದ. ಅಂಗೈಯಷ್ಟೂ ದೊಡ್ಡದಿರಲಿಲ್ಲ, ಒಂದು ಬಡಕಲು ಚಪ್ಪಟೆಮೀನು. ಎರಡೂ ಕಣ್ಣು ಒಂದೇ ಕಡೆಗಿರುವ ಆ ಮೀನು ಎಲ್ಲರನ್ನೂ ಓರೆಯಾಗಿ ನೋಡುವಂತಿತ್ತು.

"ಮೂರು ದೋಣಿ, ಇಷ್ಟು ಜನ," ಎಂದಳು ಐರ್ತಾ, "ತಂದದ್ದು ಇದು? ಇವನು ಬದುಕಿದ್ದಿದ್ರೆ ನಿಮ್ಮನ್ನೆಲ್ಲ ಅಳಿವೆಯಿಂದಲೇ ವಾಪಸ್ ಕಳಿಸ್ತಿದ್ದ."

ಮೊದಲು ನಕ್ಕವನು ವಾರ್ಪೊ. ಅವನು ನಕ್ಕ ಮೇಲೆ ಯಾರಿಗೂ ತಡೆಯಲಾಗಲಿಲ್ಲ. ನಗುತ್ತ ನಗುತ್ತ ಐರ್ತಾಳ ಕಣ್ಣಿಂದ ನೀರು ಇಳಿಯಿತು, ಇಳಿಯುತ್ತಲೇ ಇತ್ತು. ಈಗ ಅವಳು ಅದನ್ನು ಒರೆಸಲೂ ಹೋಗಲಿಲ್ಲ. ಮೀನನ್ನು ಮಗನ ಕೈಯಿಂದಲೇ ಅಪ್ಪನ ಪಕ್ಕದಲ್ಲಿ ಇಡಿಸಿದರು. ನಾಯಿಗಳನ್ನು ಓಡಿಸಿದರು.

ಮಂಜು ತೆಳುವಾಗುತ್ತ ಬಂತು. ಮೇಲೆಲ್ಲೋ ಬಿಳಿಯ ಸೂರ್ಯ ಕಂಡ. ಒದ್ದೆಯಾದ ಗಂಡಸರು ನಡುಗುತ್ತಿದ್ದರು.

"ಇನ್ನು ಎತ್ತೋಣ್ವಾ?" ಎಂದು ಕೌರ ಕೇಳಿದ. "ಹೊತ್ತಾಗುತ್ತೆ. ದಿಬ್ಬಕ್ಕೆ ಹೋಗಿ ಮರಳು ಮುಚ್ಚೋಣ."

"ಹೊಗೆ ಇನ್ನೂ ಇದೆಯಲ್ಲೋ," ಎಂದಳು ಐರ್ತಾ. "ತಾನಾಗಿ ಆರ್ಲಿ. ಏನು ಅವಸರ?"

ವಾರ್ಪೊ ಅವಳನ್ನು ನೋಡಿದ. ಎದ್ದು, "ನಡೀರಿ, ಮೈ ಬಿಸಿ ಮಾಡ್ಕೊಳ್ಳಿ. ಆಮೇಲೆ ಬರೋಣ," ಎಂದು ಎಲ್ಲರನ್ನೂ ದೋಣಿಮನೆಯ ಕಡೆಗೆ ಅಟ್ಟಿದ. ಅಲ್ಲಿ ಸೌದೆ ಉರಿಯುವ ಸದ್ದು, ಮೀನೆಣ್ಣೆಯ ವಾಸನೆ, ಲಿಮ್ಸೆಯ ನಗು.

ಐರ್ತಾ ಗಂಡನ ತೆರೆದ ಅಂಗಿಯನ್ನು ಎಳೆದು ಸರಿಮಾಡಿದಳು. ಗಡಿಗೆಯಲ್ಲಿ ಗುಂಡಿ ಕರಗಿ ಹೋಗಿತ್ತು, ಕೆಂಡ ಬೂದಿಯಾಗುತ್ತ ಬಂದಿತ್ತು. ಅವಳು ಒಮ್ಮೆ ದೋಣಿಮನೆಯ ಕಡೆ ತಿರುಗಿ ನೋಡಿದಳು. ಯಾರೂ ಇತ್ತ ನೋಡುತ್ತಿರಲಿಲ್ಲ. ಅಲೆ ತಂದೆಸೆದ ಒಣ ಕಡ್ಡಿಯೊಂದನ್ನು ಮರಳಿನಿಂದ ಎತ್ತಿ, ಗಡಿಗೆಯೊಳಗಿಟ್ಟು, ಬಾಗಿ ಮೆಲ್ಲಗೆ ಊದಿದಳು.